ಹೋಗಿ ಬರುವ ಸ್ಕೂಟರ್

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಒಂದು ಕಾಲದಲ್ಲಿ ಮಕ್ಕಳಿಗೆ ಕೈಗಡಿಯಾರ ಸಿಗುತ್ತಿತ್ತು. ಅನುಕೂಲಸ್ಥರ ಮನೆಯಾದರೆ ಸೈಕಲ್ಲು. ಈಗಿನ ಬೇಡಿಕೆಗಳೇ ಬೇರೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಡೈವಿಂಗಿನ ರುಚಿ ಹತ್ತಿಸಿಕೊಂಡು ಬಂದ ಕಾಲೇಜು ಹುಡುಗರು ಸ್ಕೂಟರ್ ಬೇಕೆಂದರೆ, ಅದು ರಸ್ತೆಯ ಮೇಲೆ ಓಡುವ ಸ್ಕೂಟರೇ ಆಗಿರಬೇಕೆಂದಿಲ್ಲ. ನೀರಿನೊಳಗೆ ಓಡುವುದೂ ಒಂದಿದೆ. ಬ್ಯಾಟರಿ, ಮೋಟಾರು, ಸುತ್ತ ರಕ್ಷಣೆಯ ಬಳೆಯಿರುವ ಪ್ರೊಪೆಲ್ಲರ್ – ಇಷ್ಟೇ ಅದರ ಅಂಗಾಂಗ. ಗುಂಡಿ ಒತ್ತಿ ಹಿಡಿದರೆ ಸಾಕು, ಡೈವರನ್ನು ಎಳೆದುಕೊಂಡು ಹೊರಡುತ್ತದೆ.

ಕಲ್ಪನೆ ಹೊಸದೇನಲ್ಲ. 1941ರ ಡಿಸೆಂಬರಿನಲ್ಲಿ ಇಟಲಿಯ ಆರು ಮಂದಿ ನೌಕಾಯೋಧರು ಟಾರ್ಪೆಡೋ ಆಕಾರದ ಮೂರು ವಾಹನಗಳನ್ನೇರಿ ಅಲೆಕ್ಸಾಂಡ್ರಿಯಾ ಬಂದರಿನೊಳಕ್ಕೆ ನುಸುಳಿ, ಬ್ರಿಟನ್ನಿನ ಎರಡು ಯುದ್ಧನೌಕೆಗಳಿಗೆ ಸ್ಫೋಟಕ ಇಟ್ಟರು. ನೌಕೆಗಳೇನೋ ಕೆಲಸಕ್ಕೆ ಬಾರದಂತಾದವು. ಆದರೆ ಆರು ಮಂದಿಯೂ ಸೆರೆಯಾದರು. ಹೋಗಲು ವಾಹನವಿತ್ತು, ಬರಲು ದಾರಿ ಇರಲಿಲ್ಲ.

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ನೀರಿನ ಸ್ಕೂಟರನ್ನು ಆರಿಸಬೇಕಾದದ್ದೂ ಈ ಮಾತನ್ನು ನೆನಪಿಟ್ಟುಕೊಂಡೇ.

ಹುಡುಗರ ಕಣ್ಣು ಮೊದಲು ಬೀಳುವುದು ವೇಗದ ಮೇಲೆ. ಆದರೆ ನೀರು ಗಾಳಿಯಂತಲ್ಲ. ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಮೋಟಾರು ಒದಗಿಸಬೇಕಾದ ಸಾಮರ್ಥ್ಯ ಎಂಟು ಪಟ್ಟು. ಅಂದರೆ ಅದೇ ಬ್ಯಾಟರಿಯಲ್ಲಿ ಕ್ರಮಿಸಬಹುದಾದ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ನಿಧಾನವಾಗಿ, ಹೆಚ್ಚು ಹೊತ್ತು ಓಡುವ ಯಂತ್ರವೇ ಹೊಸಬರಿಗೆ ಹಿತ. ಫ್ಲಾರಿಡಾದ ನೀರಿನ ಗುಹೆಗಳಲ್ಲಿ ಈಜುವವರು ಗಾಳಿಯ ವಿಷಯದಲ್ಲಿ ಪಾಲಿಸುವ ಲೆಕ್ಕ ಬ್ಯಾಟರಿಗೂ ಸಲ್ಲುತ್ತದೆ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಆಪತ್ತಿಗೆ.

ಎರಡನೆಯದು ಆಳ. ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಈಜುಕೊಳಕ್ಕೆಂದು ಮಾಡಿದ ಆಟಿಕೆಯಂಥ ಸ್ಕೂಟರಿನ ರಬ್ಬರ್ ಉಂಗುರ ಆ ಒತ್ತಡವನ್ನು ತಡೆಯಲಾರದು. ಆದ್ದರಿಂದ ಡೈವರ್ ಇಳಿಯುವ ಆಳಕ್ಕಿಂತ ಯಂತ್ರದ ಮೇಲೆ ನಮೂದಿಸಿದ ಆಳ ಸಾಕಷ್ಟು ಹೆಚ್ಚಿರಬೇಕು. ಉಂಗುರಕ್ಕೆ ಒಂದು ಕೂದಲು, ಒಂದು ಮರಳಿನ ಕಣ ಅಂಟಿದ್ದರೂ ಉಪ್ಪುನೀರು ಒಳಗೆ ನುಗ್ಗೀತು.

ಮೂರನೆಯದು ತೂಕ. ಕೈಬಿಟ್ಟರೆ ಸ್ಕೂಟರ್ ಮುಳುಗಲೂ ಬಾರದು, ಮೇಲಕ್ಕೆ ಚಿಮ್ಮಲೂ ಬಾರದು. ಸಿಹಿನೀರಿನ ಕೊಳದಲ್ಲಿ ಸರಿಯಾಗಿ ನಿಂತ, 20 ಲೀಟರ್ ಗಾತ್ರದ ಯಂತ್ರಕ್ಕೆ ಸಮುದ್ರದಲ್ಲಿ ಸುಮಾರು ಅರ್ಧ ಕಿಲೋ ಹೆಚ್ಚು ತೂಕ ಕಟ್ಟಬೇಕಾಗುತ್ತದೆ. ಉಪ್ಪುನೀರು ಅಷ್ಟು ಸಾಂದ್ರ. ಇನ್ನು ಬೆರಳು ಸಡಿಲಿಸಿದೊಡನೆ ಮೋಟಾರು ನಿಲ್ಲಲೇಬೇಕು. ಜೊತೆಗಾರನ ಬಳಿ ಸ್ಕೂಟರ್ ಇಲ್ಲದಿದ್ದರೆ, ಅಥವಾ ಇದ್ದದ್ದು ಕೆಟ್ಟರೆ, ಅವನನ್ನೂ ಎಳೆದು ತರುವ ಶಕ್ತಿ ಇದ್ದರೆ ಮೇಲು.

ವಿಮಾನದಲ್ಲಿ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ಬ್ಯಾಟರಿಯ ವೋಲ್ಟನ್ನು ಆಂಪಿಯರ್–ಅವರ್‌ನಿಂದ ಗುಣಿಸಿದರೆ ವ್ಯಾಟ್–ಅವರ್ ಬರುತ್ತದೆ. ಲಿಥಿಯಂ ಬ್ಯಾಟರಿಯಾದರೆ 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. 160 ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಮಾತು ಉಸಿರಿನದು. 10 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿ ಮೇಲ್ಮೈಗಿಂತ ಎರಡು ಪಟ್ಟು ಬೇಗ ಖರ್ಚಾಗುತ್ತದೆ, 20 ಮೀಟರಿನಲ್ಲಿ ಮೂರು ಪಟ್ಟು. ಸ್ಕೂಟರ್ ಕಾಲಿಗೆ ದಣಿವಾಗದಂತೆ ಕೆಳಕ್ಕೂ ಒಯ್ಯುತ್ತದೆ, ಅಷ್ಟೇ ಸಲೀಸಾಗಿ ಮೇಲಕ್ಕೂ ಎಳೆಯುತ್ತದೆ. ಅಪಾಯ ಇರುವುದೇ ಇಲ್ಲಿ. 10 ಮೀಟರ್ ಆಳದಲ್ಲಿ ಉಸಿರು ಬಿಗಿಹಿಡಿದು ಸರ್ರನೆ ಮೇಲೆ ಬಂದವನ ಎದೆಯೊಳಗಿನ ಗಾಳಿ ಇಮ್ಮಡಿಯಾಗಿ ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಪಠ್ಯಪುಸ್ತಕದಲ್ಲಿ ಬಾಯ್ಲನ ನಿಯಮ ಎರಡು ಅಂಕದ ಪ್ರಶ್ನೆ. ನೀರಿನಲ್ಲಿ ಅದು ಜೀವದ ಪ್ರಶ್ನೆ.

ಹಾಗಾಗಿ ಮೊದಲು ಡೈವಿಂಗ್ ತರಬೇತಿ ಪೂರ್ತಿಯಾಗಲಿ, ನೀರಿನ ನಡುವೆ ಒಂದೇ ಮಟ್ಟದಲ್ಲಿ ನಿಲ್ಲುವ ಹದ ಕೈಗೂಡಲಿ. ಸ್ಕೂಟರಿಗೆಂದೇ ಪ್ರತ್ಯೇಕ ತರಬೇತಿಯಿದೆ; ಅದನ್ನೂ ಪಡೆದು, ಬಾಡಿಗೆಯ ಯಂತ್ರದಲ್ಲಿ ಕೆಲವು ಸಲ ಇಳಿದು ನೋಡಿದ ಮೇಲೆ ಕೊಳ್ಳುವ ಯೋಚನೆ. ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ತಂದೆತಾಯಿ ಮಕ್ಕಳನ್ನು ಒಂದು ಮಾತು ಕೇಳಬೇಕು: ‘ಇದು ಅರ್ಧ ದಾರಿಯಲ್ಲಿ ನಿಂತುಹೋದರೆ ಹೇಗೆ ಬರುತ್ತೀ?’ ಉಳಿದ ಗಾಳಿಯಲ್ಲಿ, ಸ್ವಂತ ಕಾಲಿನ ಬಲದಲ್ಲಿ ಈಜಿ ಬರುವಷ್ಟು ದೂರವನ್ನಷ್ಟೇ ಹೋಗುತ್ತೇನೆ ಎಂದು ಲೆಕ್ಕ ಸಮೇತ ಹೇಳುವ ಮಕ್ಕಳ ಕೈಗೆ ಸ್ಕೂಟರ್ ಕೊಡಬಹುದು.