ಅಪ್ಪನ ಅಟ್ಲಾಸ್ ಮತ್ತು ದೊಡ್ಡ ಗಾಲಿ

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಕಾರಣ ಕೇಳಿದ್ರೆ ನಗ್ತೀರಿ... ಒಂದು ಹಳೇ ಸೈಕಲ್ಲು! ಎರಡು ತಿಂಗಳ ಭಾನುವಾರಗಳನ್ನೆಲ್ಲಾ ಅದೇ ತಿಂದು ಹಾಕ್ತು.

ಸೈಕಲ್ಲು ಅಪ್ಪನದು. ಕಪ್ಪು ಅಟ್ಲಾಸ್, ರಾಡ್ ಬ್ರೇಕಿನದು, 26 ಇಂಚಿನ ಗಾಲಿ. ಅಪ್ಪ ಸ್ವಲ್ಪ ಕುಳ್ಳ, ಅದಕ್ಕೇ ಆಗ 28ರ ಗಾಲಿಯದು ಬಿಟ್ಟು ಇದನ್ನ ಆರಿಸಿದ್ದಂತೆ. ಈಗ ಅವನಿಗೆ ಎಪ್ಪತ್ನಾಲ್ಕು. ಖಾನಾಪುರದ ಹೊರಗಿರೋ ನಮ್ಮ ಮನೆಯಿಂದ ಮಲಪ್ರಭೆ ಕಡೆಯ ಹೊಲಕ್ಕೆ ದಿನಾ ಇದರ ಮೇಲೇ ಹೋಗ್ತಾನೆ. ಮಳೆ ಬಿದ್ರೆ ಆ ದಾರಿಯ ಕೆಂಪು ಮಣ್ಣಲ್ಲಿ ಸಣ್ಣ ಟೈರು ಚಾಕು ಇಳಿದ ಹಾಗೆ ಇಳಿಯುತ್ತೆ. ಮಣ್ಣು ಮುಗಿದ್ರೆ ಕಲ್ಲು. ಹೊಸದು ತಗೋ ಅಂದ್ರೆ ಕೇಳೋದಿಲ್ಲ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ, ಅದೂ ವಿಶ್ವ ಸೈಕಲ್ ದಿನದಂದೇ, ನಿಂತುಹೋದ ಸುದ್ದಿ ಓದಿ ಹೇಳಿದ ಮೇಲಂತೂ ಸೈಕಲ್ಲನ್ನ ಇನ್ನೂ ಜಾಸ್ತಿ ಒರೆಸೋಕೆ ಶುರು ಮಾಡಿದ.

ನಾನಿರೋದು ಬೆಳಗಾವಿಯಲ್ಲಿ, ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯೋ ಕೆಲಸ. ಸುತ್ತಮುತ್ತ ಲಾರಿ, ಲೇಥು, ಗ್ಯಾಸ್ ಕಟಿಂಗು. ಅಲ್ಲಿಗೆ ಸೈಕಲ್ ತಳ್ಳಿಕೊಂಡು ಹೋದವನು ನಾನೊಬ್ಬನೇ ಇರಬೇಕು! ಲೇಥಿನ ಗೆಳೆಯ ಒಬ್ಬ ನೋಡಿ, "28 ಹಾಕ್ರಿ. ಗಾಲಿ ದೊಡ್ಡದಾದ್ರ ಕಲ್ಲ ಆರಾಮ ದಾಟತೈತಿ" ಅಂದ. ಮಾತು ಸುಳ್ಳಲ್ಲ. ಗಾಲಿ ದೊಡ್ಡದಾದಷ್ಟೂ ಅದೇ ಕಲ್ಲು ಚಿಕ್ಕದಾಗುತ್ತೆ. ನನಗೂ ಹುರುಪು ಬಂತು.

ಮಡ್‌ಗಾರ್ಡ್ ಬಿಚ್ಚಿದ್ವಿ. ಹಿಂದಿನ ಗಾಲಿಯನ್ನ ಫ್ರೇಮಿನ ಸೀಳಿನಲ್ಲಿ ಪೂರ್ತಿ ಹಿಂದಕ್ಕೆ ಎಳೆದು ಚೈನಿಗೆ ಕೊಂಡಿ ಸೇರಿಸಿದ್ವಿ. ರಾಡ್ ಬ್ರೇಕಿನ ಕಟ್ಟೆ ರಿಮ್ಮನ್ನ ಒಳಗಡೆಯಿಂದ ಒತ್ತುತ್ತೆ ನೋಡಿ, ರಿಮ್ ದೊಡ್ಡದಾಯ್ತು ಅಂದ್ರೆ ಕಟ್ಟೆ ಇರೋ ಜಾಗವೇ ತಪ್ಪು. ಅದನ್ನೂ ಮೇಲಕ್ಕೆ ಸರಿಸಿದ್ವಿ. ಫೋರ್ಕಿನ ಕೆಳಗೆ ಬೆರಳು ತೂರದಷ್ಟು ಸಂದು ಉಳೀತು. ನೋಡೋಕೆ ಮಾತ್ರ ರಾಜಾ! ಟೆಂಪೋದಲ್ಲಿ ಹಾಕ್ಕೊಂಡು ಖಾನಾಪುರಕ್ಕೆ ಹೋದೆ.

ಅಪ್ಪ ಅಂಗಳದಲ್ಲಿ ಒಂದು ಸುತ್ತು ಹೊಡೆದ. ನಿಲ್ಲಿಸೋಕೆ ಕಾಲು ಚಾಚಿದ... ನೆಲ ಸಿಗಲಿಲ್ಲ. ಸೈಕಲ್ಲು ವಾಲಿತು, ಜೊತೆಗೇ ಅವನೂ. ಮೊಣಕಾಲು ತರಚಿತು, ಅಷ್ಟೇ. ಎದ್ದು ಪಂಚೆ ಕೊಡವಿಕೊಂಡು, "ಗಾಲಿ ಚಲೋ ಅದಾವು. ನೆಲ ಸ್ವಲ್ಪ ದೂರ ಆತು" ಅಂದು ಸೈಕಲ್ಲನ್ನ ಗೋಡೆಗೆ ಆನಿಸಿ ಒಳಗೆ ಹೋದ. ಮರುದಿನ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಹೊಲಕ್ಕೆ ನಡೆದುಕೊಂಡೇ ಹೋಗಿದ್ದ. ಬೈದಿದ್ರೂ ಅಷ್ಟು ನೋವಾಗ್ತಿರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಲೆಕ್ಕ ಬರೆಯೋನು ಮೊದಲೇ ಹಾಕಬೇಕಿತ್ತು. 26ರ ಗಾಲಿ ಟೈರ್ ಸೇರಿ ಸುಮಾರು 66 ಸೆಂಟಿಮೀಟರ್ ಎತ್ತರ, 28ರದು 71. ಅರ್ಧ ಮಾಡಿದ್ರೆ ಪೆಡಲ್ಲು, ಫ್ರೇಮಿನ ಪೈಪು, ಸೀಟು ಎಲ್ಲಾ ಎರಡೂವರೆ ಸೆಂಟಿಮೀಟರ್ ಮೇಲೆ. ಅಪ್ಪನ ಸೀಟು ಮೊದಲೇ ತೀರಾ ಕೆಳಗಿತ್ತು, ಇನ್ನು ಇಳಿಸೋಕೆ ಜಾಗವೇ ಇಲ್ಲ. ಕಲ್ಲು ದಾಟೋದನ್ನ ಯೋಚಿಸಿದ್ದೆ, ಅಪ್ಪ ಇಳಿಯೋದನ್ನ ಯೋಚಿಸಿರಲಿಲ್ಲ.

ಬಿಚ್ಚಿಟ್ಟ ಹಳೇ ಟೈರಿನ ಪಕ್ಕ ಒರೆಸಿ ಓದಿದೆ: 40-584. 40 ಅಂದ್ರೆ ಟೈರಿನ ಅಗಲ, 584 ಅಂದ್ರೆ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಸೈಕಲ್ಲಿನ ಇಂಚಿನ ಲೆಕ್ಕವನ್ನ ನಂಬಲೇಬೇಡಿ ಮಾರಾಯ್ರೇ! ಈಗಿನ 29ರ ಮೌಂಟನ್ ಬೈಕಿನ ರಿಮ್ 622, ನಮ್ಮ ಹಳೇ 28×1½ರ ರಿಮ್ 635. ಅಂದ್ರೆ 29ಕ್ಕಿಂತ 28 ದೊಡ್ಡದು! ಈ 584 ಫ್ರಾನ್ಸಿನವರ ಹಳೇ 650ಬಿ. ಅದೇ ಈಗ 27.5 ಅನ್ನೋ ಹೊಸ ಹೆಸರಲ್ಲಿ ಮೌಂಟನ್ ಬೈಕಿಗೆ ಬಂದಿದೆ. ಅಂದ್ರೆ ಅಪ್ಪನ "26"ರ ರಿಮ್ಮಿಗೆ "27.5"ರ ದಪ್ಪ ಟೈರು ಸರಿಯಾಗಿ ಕೂರುತ್ತೆ.

ಹಳೇ ಗಾಲಿ ವಾಪಸ್ ಹಾಕಿ, 27.5×1.95ರ ಟೈರ್ ತಂದೆ. ಪಕ್ಕದಲ್ಲಿ 50-584 ಅಂತಿತ್ತು. ಹಳೇ ರಿಮ್ಮಿನ ಮೇಲೆ ಗಾಳಿ ತುಂಬಿ ಅಳೆದ್ರೆ 47 ಮಿಲಿಮೀಟರ್. ಹಿಂದಿನ ಕವಲುಪೈಪಿನ ನಡುವೆ 58. ಅತ್ತ ಇತ್ತ ಐದೈದು ಮಿಲಿಮೀಟರ್ ಸಂದು. ಮಣ್ಣು ಸಿಕ್ಕಿಕೊಳ್ಳದಿರೋಕೆ ಇದಕ್ಕಿಂತ ಕಮ್ಮಿ ಇರಬಾರದು. ರಿಮ್ ಅದೇ ಆದ್ದರಿಂದ ಬ್ರೇಕಿನ ಕಟ್ಟೆ ತನ್ನ ಹಳೇ ಜಾಗಕ್ಕೇ ಬಂತು. ಬ್ರೇಕಿನ ಯು ಆಕಾರದ ಕಡ್ಡಿ ಮಾತ್ರ ಟೈರಿಗೆ ತಾಗ್ತಿತ್ತು. ಲೇಥಿನ ಗೆಳೆಯ ವೈಸಿನಲ್ಲಿ ಹಿಡಿದು ಸ್ವಲ್ಪ ಅಗಲಿಸಿಕೊಟ್ಟ. ಹಿಂದಿನ ಮಡ್‌ಗಾರ್ಡನ್ನ ಎತ್ತರಿಸಿ ಹಾಕಿದ್ವಿ, ಮುಂದಿನದು ಕೂರಲಿಲ್ಲ. ಫ್ರೇಮಿಗೆ ಬೆಂಕಿ ತಾಗಿಸಲೇ ಇಲ್ಲ. ಎತ್ತರ ಒಂದು ಸೆಂಟಿಮೀಟರ್ ಕೂಡಾ ಹೆಚ್ಚಲಿಲ್ಲ. ಗಾಳಿ ಕಮ್ಮಿ ಹಾಕಿದ್ರೂ ನಡೆಯುತ್ತೆ, ಆದ್ದರಿಂದ ಕಲ್ಲಿನ ಹೊಡೆತ ಟೈರಿನಲ್ಲೇ ಇಂಗುತ್ತೆ.

ಈ ಸಲ ಅಪ್ಪ ಮೊದಲು ಸೀಟಿನ ಮೇಲೆ ಕೂತು, ಎಡಗಾಲು ನೆಲಕ್ಕೆ ಊರಿ ಒಂದು ನಿಮಿಷ ಹಾಗೇ ನಿಂತ. ಆಮೇಲೆ ಹೊಲದ ಕಡೆ ಹೊರಟ. ಮಾತಿಲ್ಲ. ಸಂಜೆ ಪಂಚೆ ತುಂಬಾ ಕೆಸರು ಎರಚಿಸಿಕೊಂಡು ಬಂದು, "ಮುಂದಿನ ಮಡ್‌ಗಾರ್ಡ್ ಯಾವಾಗ ಹಾಕ್ತಿ?" ಅಂದ.

ಅದೇ ಮುಂದಿನ ಭಾನುವಾರದ ಕೆಲಸ. ನಿಮ್ಮನೆ ಹಳೇ ಸೈಕಲ್ಲಿನ ಟೈರು ಒಮ್ಮೆ ಒರೆಸಿ ನೋಡಿ... ಯಾವ ನಂಬರ್ ಇದೆ?