ಒಬ್ಬರಿಗೆ ಒಂದು ಹರಿಗೋಲು

ಬೇಸಗೆಯ ತುಂಗಭದ್ರೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಮಂತ್ರಾಲಯದ ಆಸುಪಾಸಿನ ದಡದಲ್ಲಿ ನಿಂತು ನೋಡಿದರೆ ಒಂದೆಡೆ ಮೊಣಕಾಲುದ್ದದ ನೀರು, ಹತ್ತು ಹೆಜ್ಜೆ ಆಚೆಗೆ ಆಳು ಮುಳುಗುವ ಮಡು, ಅದರಾಚೆ ಮತ್ತೆ ಮರಳ ದಿಬ್ಬ. ಈ ದಡ ಆಂಧ್ರಪ್ರದೇಶ, ಎದುರು ದಡ ರಾಯಚೂರು ಜಿಲ್ಲೆ. ಇಂಥ ನೀರಿನಲ್ಲಿ ನಲವತ್ತು ವರ್ಷ ಬಲೆ ಬಿಟ್ಟ ಬೆಸ್ತರೊಬ್ಬರ ಮನೆಯಲ್ಲಿ ಒಂದು ಬೇಸಗೆ ಹೊಸ ದೋಣಿಯ ಮಾತು ಎದ್ದಿತು.

ಹಳೆಯ ಹರಿಗೋಲು ಬೇವಿನ ಮರದಡಿ ಬೋರಲಾಗಿ ಬಿದ್ದಿತ್ತು. ಆರೂವರೆ ಅಡಿ ಅಗಲ. ಬಿದಿರಿನ ದಬ್ಬೆಗಳು ಅಲ್ಲಲ್ಲಿ ಮುರಿದಿದ್ದವು. ಡಾಂಬರಿನ ತೇಪೆಯ ಮೇಲೆ ತೇಪೆ ಬಿದ್ದು ಅದರ ಭಾರ ವರ್ಷದಿಂದ ವರ್ಷಕ್ಕೆ ಏರಿತ್ತು. ಅದನ್ನು ಹೊತ್ತು ಹೊಳೆಗೆ ಇಳಿಯುವ ತಂದೆಗೆ ಅರವತ್ತು ದಾಟಿತ್ತು, ಬಲ ಭುಜ ಮೇಲೇಳುತ್ತಿರಲಿಲ್ಲ. ಹುಟ್ಟು ಹಾಕುತ್ತಿದ್ದ ಮಗ ಈಗ ಆದೋನಿಯ ಕಾಲೇಜಿನಲ್ಲಿ ಕನ್ನಡ ಐಚ್ಛಿಕದ ವಿದ್ಯಾರ್ಥಿ. ರಜೆಗೆ ಮಾತ್ರ ಊರಿಗೆ ಬರುವವನು.

ಮಗ ಮೊಬೈಲಿನಲ್ಲಿ ಒಂದು ದೋಣಿಯನ್ನು ಕಂಡಿದ್ದ. ಅಮೆರಿಕದ ಆಳವಿಲ್ಲದ ನದಿಗಳಲ್ಲಿ ಒಬ್ಬೊಬ್ಬರೇ ಗಾಳ ಹಾಕಲು ಬಳಸುವ ಪಾಂಟೂನ್ ಅದು. ಗಾಳಿ ತುಂಬಿದ ಎರಡು ಉದ್ದನೆಯ ಕೊಳವೆಗಳು, ಅವನ್ನು ಜೋಡಿಸುವ ಲೋಹದ ಚೌಕಟ್ಟು, ನಡುವೆ ಒಂದು ಆಸನ, ಎರಡು ಬದಿಗೂ ಹುಟ್ಟು. ಕುಳಿತವನ ಕಾಲು ನೀರಿಗೆ ಇಳಿದಿರುತ್ತವೆ. ಪಾದಕ್ಕೆ ರೆಕ್ಕೆಯಂಥ ರಬ್ಬರು ಕಟ್ಟಿಕೊಂಡರೆ ಕಾಲಿನಿಂದಲೇ ದೋಣಿಯನ್ನು ನಡೆಸಬಹುದು, ಕೈ ಎರಡೂ ಬಿಡುವಾಗಿರುತ್ತವೆ. ಗಾಳಿ ಬಿಟ್ಟು ಮಡಚಿದರೆ ಮೂಟೆಯಾಗುತ್ತದೆ. ಭುಜ ನೋಯುವವನಿಗೆ ಇದಕ್ಕಿಂತ ಬೇರೇನು ಬೇಕು ಎಂಬುದು ಮಗನ ವಾದವಾಗಿತ್ತು.

ತಂದೆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಚಂದ ಐತಿ. ಇದಕ್ಕ ನೀರು ಎಷ್ಟು ಬೇಕು? ಜಾಲಿಮುಳ್ಳು ಚುಚ್ಚಿದರ ಯಾರು ತೇಪಿ ಹಾಕಬೇಕು?" ಎಂದು ಕೇಳಿದರು.

ಮೊದಲ ಪ್ರಶ್ನೆಗೆ ಮಗ ಹೈಸ್ಕೂಲಿನಲ್ಲಿ ಕಲಿತ ಲೆಕ್ಕವನ್ನೇ ಹಿಡಿದು ಕುಳಿತ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ದೋಣಿ, ಮನುಷ್ಯ, ಬಲೆ ಸೇರಿ 90 ಕೆ.ಜಿ. ಆದರೆ ಸರಿಯಬೇಕಾದ ನೀರು 90 ಲೀಟರ್. 2 ಮೀಟರ್ ಉದ್ದ, 30 ಸೆಂ.ಮೀ. ದಪ್ಪದ ಎರಡು ಕೊಳವೆಗಳು ಅಷ್ಟು ನೀರನ್ನು ಸರಿಸಲು ಸುಮಾರು 11 ಸೆಂ.ಮೀ. ಮುಳುಗಬೇಕು. ಒಂದೂವರೆ ಮೀಟರ್, ಎಂದರೆ ಸುಮಾರು ಐದು ಅಡಿ ಅಗಲದ ದುಂಡನೆಯ ಹರಿಗೋಲಿನ ತಳ ಚಪ್ಪಟೆಯೆಂದುಕೊಂಡರೆ ಅದು ಮುಳುಗುವುದು 5 ಸೆಂ.ಮೀ. ಮಾತ್ರ. ತಳ ಅಂಚಿನತ್ತ ಬಾಗಿರುವುದರಿಂದ ಇನ್ನಷ್ಟು ಇಳಿದರೂ ನಾಲ್ಕು ಬೆರಳು ಸಾಕು. ಕೊಳವೆ ನೀರಿನ ಮೇಲೆ ಗೆರೆಯಂತೆ ಕೂರುತ್ತದೆ, ಹರಿಗೋಲು ತಟ್ಟೆಯಂತೆ ಹರಡಿ ಕೂರುತ್ತದೆ, ವ್ಯತ್ಯಾಸವೆಲ್ಲ ಅಲ್ಲಿದೆ. ಬಂಡೆಗಳ ನಡುವೆ ಆ ನಾಲ್ಕಾರು ಸೆಂಟಿಮೀಟರೇ ದೋಣಿಯನ್ನು ದಾಟಿಸುವುದು ಅಥವಾ ತಡೆಯುವುದು.

ಎರಡನೆಯ ಪ್ರಶ್ನೆಗೆ ಲೆಕ್ಕ ಬೇಕಿರಲಿಲ್ಲ. ದಡದ ತುಂಬ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಮುಳ್ಳು ಚಪ್ಪಲಿಯನ್ನೂ ತೂರುತ್ತದೆ. ಮಡುವಿನ ನಡುವೆ ಒಂದು ಕೊಳವೆಯ ಗಾಳಿ ಇಳಿದರೆ ದೋಣಿ ಆ ಬದಿಗೆ ವಾಲುತ್ತದೆ. ತೇಪೆ ಹಾಕಲು ಜಾಗ ಒಣಗಿರಬೇಕು, ತಕ್ಕ ಅಂಟು ಬೇಕು. ಅದು ಊರಿನ ಅಂಗಡಿಯಲ್ಲಿ ಸಿಗದು. ಹರಿಗೋಲು ಹರಿದರೆ ಒಂದು ತುಂಡು ಗೊಬ್ಬರದ ಚೀಲ, ಒಂದಿಷ್ಟು ಕಾಸಿದ ಡಾಂಬರು ಸಾಕು. ನಾರಿನ ಗಾಜಿನಿಂದ ಮಾಡಿದ ಫೈಬರ್ ಹರಿಗೋಲಿನ ಮಾತೂ ಬಂದು ಹೋಯಿತು. ಅದು ಕೊಳೆಯದು, ನೀರು ಕುಡಿಯದು, ನಿಜ. ಆದರೆ ಬಂಡೆಗೆ ಬಡಿದಾಗ ಬಿದಿರು ಬಳುಕುತ್ತದೆ, ಫೈಬರ್ ಸೀಳುತ್ತದೆ.

ಪಾಂಟೂನಿನಲ್ಲಿ ದೋಷವಿದೆಯೆಂದು ಇದರ ಅರ್ಥವಲ್ಲ. ದಡದಲ್ಲಿ ಮುಳ್ಳಿಲ್ಲದ, ಒಂದೇ ಸಮನೆ ಹರಿಯುವ ನದಿಯಲ್ಲಿ ಅದು ಹರಿಗೋಲಿಗಿಂತ ನೇರವಾಗಿ ಸಾಗುತ್ತದೆ. ಹುಟ್ಟನ್ನು ಬದಿಯಲ್ಲಿ ಹಾಕಿದರೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಅದನ್ನು ಮುಂದಿನಿಂದ ಎಳೆದುಕೊಂಡು ಹೋಗುವುದನ್ನು ಕೈ ಕಲಿಯಬೇಕು. ಇದೇ ಹೊಳೆಯ ಮೇಲ್ಭಾಗದಲ್ಲಿ, ಹಂಪೆಯಿಂದ ಆನೆಗೊಂದಿಯತ್ತ ದಾಟುವ ಜನರನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ತಿರುಗಾಟವನ್ನೇ ಗಮನಿಸಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ಆ ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದವಂತೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬಂದಿದೆ, ಹೆಣಿಗೆ ಬದಲಾಗಿಲ್ಲ. ಗಡಿಯ ಊರುಗಳಲ್ಲಿ ಹೆಸರು ಮಾತ್ರ ಎರಡು: ಮನೆಯಲ್ಲಿ ಹರಿಗೋಲು, ಸಂತೆಯ ತೆಲುಗಿನಲ್ಲಿ ಪುಟ್ಟಿ.

ಹರಿಗೋಲೇ ಸರಿ ಎಂದು ಇಬ್ಬರೂ ಒಪ್ಪಿದ ಮೇಲೆ ಅಳತೆಯ ಮಾತು ಬಂತು. ಲೆಕ್ಕಕ್ಕೆ ಐದು ಅಡಿ ಹಿಡಿದಿದ್ದ ಮಗನೇ ಈಗ ಹಳೆಯದರಷ್ಟೇ ಇರಲಿ ಎಂದ. ತಂದೆ ತಲೆಯಾಡಿಸಿದರು. "ಐದಡಿದು ಸಾಕಪಾ. ಇನ್ನ ಇಬ್ಬರು ಕುಂದ್ರೂದು ಎಲ್ಲಿ?"

ಮಗ ಮಾತನಾಡಲಿಲ್ಲ. ಎಂಟನೆಯ ವಯಸ್ಸಿನಿಂದ ಹಳೆಯ ಹರಿಗೋಲಿನ ಒಂದು ಬದಿ ಅವನದಾಗಿತ್ತು; ಹುಟ್ಟು ಅವನ ಕೈಯಲ್ಲಿ, ಬಲೆ ತಂದೆಯ ಕೈಯಲ್ಲಿ. ಆರೂವರೆ ಅಡಿಯಲ್ಲಿ ಅವನ ಜಾಗವೂ ಸೇರಿತ್ತು. ರಾತ್ರಿ ಅವನು ಕಾಗದ ತೆಗೆದು ಮತ್ತೆ ಲೆಕ್ಕ ಹಾಕಿದ. ಇಬ್ಬರನ್ನು ಹೊತ್ತ ದೊಡ್ಡ ಹರಿಗೋಲು ಒಟ್ಟು 180 ಕೆ.ಜಿ.ಗೆ 6 ಸೆಂ.ಮೀ.ನಷ್ಟು ಇಳಿಯುತ್ತಿತ್ತು, ಒಬ್ಬರನ್ನು ಹೊತ್ತ ಚಿಕ್ಕದು ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಅದಕ್ಕೆ ತಗಲುವ ಬಿದಿರು, ಚೀಲ, ಡಾಂಬರು ಅರ್ಧಕ್ಕಿಂತ ತುಸುವೇ ಹೆಚ್ಚು. ಭುಜದ ಮೇಲಿನ ಭಾರವೂ ಅಷ್ಟೇ. ತಂದೆಯ ಮಾತು ಸರಿಯಾಗಿತ್ತು. ಆ ಸರಿ ಅವನಿಗೆ ಹಿತವೆನಿಸಲಿಲ್ಲ.

ಬೆಳಿಗ್ಗೆ ಅವನು ಬೇರೊಂದು ಮಾತು ಎತ್ತಿದ. ಚಿಕ್ಕ ಹರಿಗೋಲು ಬೇಗ ವಾಲುತ್ತದೆ, ಜೊತೆಗೆ ಇನ್ನೊಬ್ಬರಿಲ್ಲ. ಅದಕ್ಕಾಗಿ ಪಾಂಟೂನಿನಿಂದ ಒಂದನ್ನು ಎರವಲು ಪಡೆಯಬೇಕು: ಒಳಗೆ ಮುಚ್ಚಿಟ್ಟ ಗಾಳಿ. ಬಿಗಿಯಾಗಿ ಮುಚ್ಚಳ ಹಾಕಿದ 20 ಲೀಟರಿನ ಎರಡು ಖಾಲಿ ಕ್ಯಾನುಗಳನ್ನು ಒಳ ಅಂಚಿಗೆ ಎದುರುಬದುರು ಕಟ್ಟಿದರೆ, ಹರಿಗೋಲಿನಲ್ಲಿ ನೀರು ತುಂಬಿದರೂ ಅವೆರಡು 40 ಕೆ.ಜಿ.ಯಷ್ಟು ಎತ್ತಿ ಹಿಡಿಯುತ್ತವೆ. ಅಂಚು ಹಿಡಿದು ತೇಲಲು ಅಷ್ಟು ಸಾಕು. ಜೊತೆಗೆ ನಿಂತು ಬಲೆ ಬೀಸಬಾರದು, ಜೀವರಕ್ಷಕ ಜಾಕೆಟ್ ತೊಡದೆ ನೀರಿಗೆ ಇಳಿಯಬಾರದು. ತಂದೆ ಕ್ಯಾನಿಗೆ ಒಪ್ಪಿದರು, ಜಾಕೆಟಿಗೆ ನಕ್ಕರು. ಅಷ್ಟರವರೆಗೆ ಸುಮ್ಮನಿದ್ದ ಅವ್ವ ಒಳಗಿನಿಂದಲೇ, "ಅದನ್ನ ಹಾಕ್ಕೊಂಡ್ರ ಮಾತ್ರ ರೊಟ್ಟಿ ಬುತ್ತಿ" ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ಪುರಂದರದಾಸರು ದೇಹವನ್ನು ಒಂಬತ್ತು ತೂತುಗಳ ಹರಿಗೋಲಾಗಿ ಕಂಡ ಕೀರ್ತನೆಯನ್ನು ಕಳೆದ ವರ್ಷ ತರಗತಿಯಲ್ಲಿ ಓದಿದಾಗ ಅವನು ನವದ್ವಾರಗಳ ವಿವರಣೆಯನ್ನು ಟಿಪ್ಪಣಿ ಮಾಡಿಕೊಂಡಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಹಳೆಯ ಹರಿಗೋಲನ್ನು ಬಿಚ್ಚುವ ದಿನ ಅದನ್ನು ಬಿಸಿಲಿಗೆ ಎತ್ತಿ ಹಿಡಿದಾಗ, ತೇಪೆಗಳ ಸಂದಿನಿಂದ ಬೆಳಕು ತೂರಿ ಬಂತು. ಎಷ್ಟು ತೂತೆಂದು ಎಣಿಸಲು ಹೊರಟು ಅವನು ನಡುವೆಯೇ ಬಿಟ್ಟ. ಪಕ್ಕದಲ್ಲಿ ತಂದೆ ಎಡಗೈಯಿಂದ ಬಲ ಭುಜವನ್ನು ತಿಕ್ಕುತ್ತ ನಿಂತಿದ್ದರು.

ಹೊಸ ಹರಿಗೋಲು ಬಂದ ಮರುದಿನ ನಸುಕಿನಲ್ಲಿ ತಂದೆ ಅದನ್ನು ಎಡ ಭುಜಕ್ಕೇರಿಸಿಕೊಂಡು, ಎಲ್ಲಿಯೂ ಇಳಿಸದೆ ದಡ ಮುಟ್ಟಿದರು. ಮಗ ಹುಟ್ಟನ್ನೂ ಜಾಕೆಟನ್ನೂ ಹಿಡಿದು ಹಿಂದೆ ನಡೆದ. ತಂದೆ ಕುಳಿತ ಮೇಲೆ ಹುಟ್ಟನ್ನು ಅವರ ಕೈಗೆ ಕೊಟ್ಟು, ಅಂಚನ್ನು ಮೆಲ್ಲಗೆ ನೂಕಿದ. ಹರಿಗೋಲು ಒಂದು ಸುತ್ತು ತಿರುಗಿತು, ಆಮೇಲೆ ಬಂಡೆಗಳ ನಡುವಿನ ನಾಲ್ಕು ಬೆರಳ ನೀರಿನಲ್ಲಿ ದಾರಿ ಹಿಡಿಯಿತು.