ಚಕ್ರದ ಮೇಲಣ ಸಂಸಾರ

ಈ ಲೇಖನವನ್ನು ಗಂಡಹೆಂಡಿರಿಬ್ಬರೂ ಒಂದೇ ಮೇಜಿನ ಎರಡು ಕಡೆ ಕುಳಿತು ಬರೆದಿರುವೆವು. ಆದುದರಿಂದ ಇಲ್ಲಿ ಬರುವ ‘ನಾವು’ ಎಂಬುದು ಗೌರವಕ್ಕಾಗಿ ಹಚ್ಚಿಕೊಂಡ ಬಹುವಚನವಲ್ಲ, ನಿಜವಾದ ಬಹುವಚನ. ಒಬ್ಬೊಬ್ಬರ ಮಾತು ಬಂದೆಡೆ ‘ಯಜಮಾನ’, ‘ಯಜಮಾನಿ’ ಎಂದು ಹೆಸರಿಸಿಕೊಂಡಿದ್ದೇವೆ.

ನಾವು ಕನ್ನಡನಾಡನ್ನು ಬಿಟ್ಟು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನೆಲೆಸಿದುದು 1979ರಲ್ಲಿ. ಯಜಮಾನ ಮೋಟಾರು ಕಾರ್ಖಾನೆಯೊಂದರಲ್ಲಿಯೂ ಯಜಮಾನಿ ಪುಸ್ತಕಾಲಯವೊಂದರಲ್ಲಿಯೂ ದುಡಿದು ನಿವೃತ್ತರಾದೆವು. ಮಕ್ಕಳು ತಮ್ಮ ತಮ್ಮ ಮನೆಗಳನ್ನು ಮಾಡಿಕೊಂಡರು. ಆ ದೇಶದ ಉತ್ತರ ಭಾಗದ ಚಳಿ ಮುಪ್ಪಿನ ಕೀಲುಗಳಿಗೆ ಹಿತವಾದುದಲ್ಲ. ಆದಕಾರಣ ಅಲ್ಲಿಯ ವೃದ್ಧರು ಅನೇಕರು ಹಿಮ ಬೀಳುವ ಕಾಲಕ್ಕೆ ಫ್ಲಾರಿಡಾ ಮೊದಲಾದ ದಕ್ಷಿಣದ ಸಂಸ್ಥಾನಗಳಿಗೆ ಹೊರಟುಬಿಡುವರು. ಇಂಥವರಿಗೆ ‘ಹಿಮದ ಹಕ್ಕಿಗಳು’ ಎಂದು ಹೆಸರು. ಇದು ಹೊಸ ರೂಢಿಯೇನೂ ಅಲ್ಲ. ಉತ್ತರದವರನ್ನು ಫ್ಲಾರಿಡಾಕ್ಕೆ ಮುಟ್ಟಿಸಲೆಂದು 1915ರಲ್ಲಿಯೇ ಡಿಕ್ಸಿ ಹೆದ್ದಾರಿಯ ಕಾರ್ಯ ಮೊದಲಾಯಿತು. 1919ರಲ್ಲಿ ಟ್ಯಾಂಪಾ ನಗರದ ಉದ್ಯಾನವೊಂದರಲ್ಲಿ ಬೀಡುಬಿಟ್ಟಿದ್ದ ಇಂಥ ಪ್ರಯಾಣಿಕರು ‘ತಗಡಿನ ಡಬ್ಬಿಯ ಪ್ರವಾಸಿಗಳು’ ಎಂಬ ಸಂಘವನ್ನೇ ಕಟ್ಟಿಕೊಂಡರು. ಈಗಿನ 75ನೆಯ ಹೆದ್ದಾರಿಯು ಮಿಷಿಗನ್ನಿನಿಂದ ಹೊರಟು ಒಹಾಯೊ, ಕೆಂಟಕಿ, ಟೆನೆಸೀ, ಜಾರ್ಜಿಯಾಗಳನ್ನು ಹಾದು ಫ್ಲಾರಿಡಾದ ತುದಿಯ ಹತ್ತಿರ ಮುಗಿಯುತ್ತದೆ.

ನಾವು ಕೊಂಡ ಟ್ರೇಲರು 22 ಅಡಿ ಉದ್ದದ್ದು. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಬಚ್ಚಲು ಎಲ್ಲವೂ ಉಂಟು. ಮಸಾಲೆಡಬ್ಬಿ, ಕುಕ್ಕರು, ದೇವರ ಪಟ ಇವಿಷ್ಟನ್ನು ಸೇರಿಸಿದೊಡನೆ ಅದು ನಮ್ಮ ಮನೆಯೇ ಆಯಿತು. ಆದರೆ ನಿಂತ ಮನೆಗಿಂತ ನಡೆಯುವ ಮನೆಗೆ ಚಾಕರಿ ಹೆಚ್ಚು. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಸಾಮಾನನ್ನು ಜೋಡಿಸಬೇಕು. ಹಿಂದಕ್ಕೆ ಭಾರ ಹೆಚ್ಚಾದರೆ ಗಾಡಿ ಬಾಲ ಬೀಸತೊಡಗುವುದು. ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಚಳಿಗಾಲಕ್ಕೆ ಮುಂಚೆ ಅವುಗಳಲ್ಲಿ ಗುಲಾಬಿ ಬಣ್ಣದ ದ್ರವವೊಂದನ್ನು ತುಂಬಿಡಬೇಕು. ದಕ್ಷಿಣದ ಬಿಸುಪು ಸಿಕ್ಕುವವರೆಗೆ ನಲ್ಲಿಯಿದ್ದೂ ಇಲ್ಲದಂತೆಯೇ. ಕುಡಿಯಲು, ಬೇಯಿಸಲು ಕೊಡಗಳಲ್ಲಿ ನೀರನ್ನು ಒಯ್ಯಬೇಕು.

ನಲವತ್ತು ವರ್ಷಗಳ ನಮ್ಮ ದಾಂಪತ್ಯದಲ್ಲಿ ಕೆಲಸಗಳು ತಾವಾಗಿಯೇ ಎರಡು ಪಾಲಾಗಿದ್ದವು. ಗಾಡಿ, ಬ್ಯಾಂಕಿನ ಲೆಕ್ಕ, ತೆರಿಗೆಯ ಕಾಗದ ಯಜಮಾನನ ಪಾಲು. ಅಡಿಗೆ, ಔಷಧಗಳ ನೆನಪು, ಬಂಧುಬಳಗದ ಯೋಗಕ್ಷೇಮ ಯಜಮಾನಿಯ ಪಾಲು. ಹೊರಡುವುದಕ್ಕೆ ಮುಂಚೆ ಯಜಮಾನಿ ಒಂದು ಮಾತು ಕೇಳಿದಳು: “ನಡುದಾರಿಯಲ್ಲಿ ನಿಮಗೆ ಏನಾದರೂ ಆದರೆ ಈ ಮನೆಯನ್ನು ಯಾರು ಎಳೆಯಬೇಕು?” ಅದಕ್ಕೆ ಉತ್ತರವಾಗಿ 2022ರ ಶರತ್ಕಾಲದ ಭಾನುವಾರಗಳೆಲ್ಲವೂ ಒಂದು ಶಾಲೆಯ ಖಾಲಿ ಬಯಲಿನಲ್ಲಿ ಕಳೆದವು. ಟ್ರೇಲರನ್ನು ಹಿಂದಕ್ಕೆ ಒಯ್ಯುವಾಗ ಸ್ಟಿಯರಿಂಗ್ ಚಕ್ರವನ್ನು ಕೆಳಭಾಗದಲ್ಲಿ ಹಿಡಿದು, ಟ್ರೇಲರು ಯಾವ ಕಡೆಗೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಬೇಕು ಎಂಬ ಸೂತ್ರವನ್ನು ಯಜಮಾನಿ ಅಲ್ಲಿ ಕಲಿತಳು. ಪ್ರತಿಯಾಗಿ ಯಜಮಾನ ಸಾರಿಗೆ ಬೇಳೆ ಬೇಯಿಸುವುದನ್ನೂ, ತನ್ನ ಮಾತ್ರೆಗಳ ಹೆಸರುಗಳನ್ನೂ ಕಲಿತ.

2023ರ ಜನವರಿಯಲ್ಲಿ ಹೊರಟೆವು. ಸಿನ್ಸಿನಾಟಿಯ ಬಳಿ ಒಹಾಯೊ ನದಿಯನ್ನು ದಾಟಿ, ಕೆಂಟಕಿಯನ್ನು ಕಳೆದು, ಜೆಲ್ಲಿಕೊ ಎಂಬ ಊರಿನಲ್ಲಿ ಟೆನೆಸೀ ಪ್ರವೇಶಿಸಿದೆವು. ಅಲ್ಲಿಂದ ಮುಂದೆ ರಸ್ತೆ ಕಂಬರ್ಲೆಂಡ್ ಬೆಟ್ಟಗಳನ್ನು ಹತ್ತಿ ಇಳಿಯುತ್ತದೆ. ಇಳಿಜಾರು ಮುಗಿಯುವ ಹೊತ್ತಿಗೆ ಯಜಮಾನ ಗಾಡಿಯನ್ನು ಮೆಲ್ಲನೆ ಪಕ್ಕಕ್ಕೆ ತಂದು ನಿಲ್ಲಿಸಿ, “ರಸ್ತೆ ತಿರುಗುತ್ತಿರುವಂತೆ ಕಾಣುತ್ತಿದೆ, ಇನ್ನು ನೀನೇ ನಡೆಸು” ಎಂದ. ಬೆವರಿನಿಂದ ಅಂಗಿ ನೆನೆದಿತ್ತು. ಯಜಮಾನಿ ಏನೂ ಕೇಳದೆ ಇಳಿದು ಬಂದು ಎಡಗಡೆಯ ಪೀಠದಲ್ಲಿ ಕುಳಿತಳು.

ಹತ್ತಿರದ ಊರಿನ ವೈದ್ಯರು ಹೃದಯವನ್ನು ಪರೀಕ್ಷಿಸಿ ಅದರಲ್ಲಿ ದೋಷವಿಲ್ಲವೆಂದರು. ಒಳಗಿವಿಯ ತೊಂದರೆಯಿಂದ ತಲೆಸುತ್ತು ಬಂದಿದೆಯೆಂದೂ, ಅದು ಪೂರ್ತಿಯಾಗಿ ನಿಲ್ಲುವವರೆಗೆ ಗಾಡಿ ನಡೆಸಕೂಡದೆಂದೂ ಹೇಳಿದರು. ಆ ರಾತ್ರಿ ಬೀಡಿನಲ್ಲಿ ನೆಲ ಹೆಪ್ಪುಗಟ್ಟಿತ್ತು. ಮಗಳು ಫೋನಿನಲ್ಲಿ, “ಅಮ್ಮಾ, ಅಲ್ಲೇ ಇರಿ, ನಾನು ವಿಮಾನದಲ್ಲಿ ಬರುತ್ತೇನೆ” ಎಂದಳು. ಅವಳ ಕಳವಳ ನ್ಯಾಯವಾದದ್ದೇ. ಆದರೆ ಉತ್ತರಕ್ಕೆ ಹೋದರೆ ಹಿಮ. ದಕ್ಷಿಣಕ್ಕೆ ಇನ್ನೂ 500ಕ್ಕೂ ಹೆಚ್ಚು ಮೈಲಿ. ದಿನಕ್ಕೆ 150 ಮೈಲಿಯಂತೆ, ಹಗಲು ಬೆಳಕಿನಲ್ಲಿ ಮಾತ್ರ, ದಕ್ಷಿಣಕ್ಕೇ ಹೋಗುವುದೆಂದು ಯಜಮಾನಿ ನಿಶ್ಚಯಿಸಿದಳು. ಯಜಮಾನ ಒಪ್ಪಿದ.

ಆ ನಾಲ್ಕು ದಿನಗಳಲ್ಲಿ ಗಾಡಿ ನಡೆಸುವುದು ಅಷ್ಟು ಕಷ್ಟವಾಗಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದೇ ಕಷ್ಟವಾಯಿತು. ಅಟ್ಲಾಂಟಾ ನಗರದ ದಟ್ಟಣೆಯಲ್ಲಿ ಯಜಮಾನನ ಬಲಗಾಲು ಇಲ್ಲದ ಬ್ರೇಕನ್ನು ಎಷ್ಟು ಸಲ ತುಳಿಯಿತೋ ಲೆಕ್ಕವಿಲ್ಲ. ಆದರೂ ಆತ ಬಾಯಿ ಬಿಡಲಿಲ್ಲ. ಒಮ್ಮೆ ಭಾರಿ ಲಾರಿಯೊಂದು ಹಾಯ್ದುಹೋದ ರಭಸಕ್ಕೆ ಟ್ರೇಲರು ತೂಗಾಡಿತು. ಯಜಮಾನಿ ಕಾಲಿನ ಬ್ರೇಕನ್ನು ಮುಟ್ಟದೆ, ವೇಗವನ್ನು ಇಳಿಸಿ, ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುವ ಕೈಗುಂಡಿಯನ್ನು ಮೆಲ್ಲನೆ ಒತ್ತಿದಳು, ಗಾಡಿ ನೆಟ್ಟಗಾಯಿತು. ಆಗಲೂ ಆತ ಮಾತಾಡಲಿಲ್ಲ. ಸಂಜೆ ಸಾರು ಬಡಿಸುವಾಗ ಮಾತ್ರ, “ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ” ಎಂದ. ಆ ಸಾರನ್ನು ಮಾಡಿದವನೂ ಅವನೇ. ಉಪ್ಪು ಸರಿಯಾಗಿತ್ತೆಂದು ಯಜಮಾನಿಯ ಸಾಕ್ಷ್ಯ.

ಜಾರ್ಜಿಯಾದ ಮೇಕನ್ ನಗರ ದಾಟಿದ ಮೇಲೆ ಕೊಳವೆಗಳ ಗುಲಾಬಿ ದ್ರವವನ್ನು ಹರಿಯಬಿಟ್ಟು ನಲ್ಲಿಯಲ್ಲಿ ನೀರು ಬರಿಸಿದೆವು. ಫ್ಲಾರಿಡಾದಲ್ಲಿ ಗೇನ್ಸ್‌ವಿಲ್ ನಗರದ ದಕ್ಷಿಣಕ್ಕೆ ಪೇನ್ಸ್ ಪ್ರೇರಿ ಎಂಬ ವಿಶಾಲವಾದ ಹುಲ್ಲುಬಯಲು ಉಂಟು. ಅಲ್ಲಿಯ ಬೀಡಿನಲ್ಲಿ ಯಜಮಾನಿ ಟ್ರೇಲರನ್ನು ಎರಡೇ ಸಲಕ್ಕೆ ಹಿಂದೆ ಸರಿಸಿ ನಿಲ್ಲಿಸಿದಳು. ನಮ್ಮ ಉತ್ತರದ ಸರೋವರಗಳ ಸೀಮೆಯಿಂದ ಸ್ಯಾಂಡ್‌ಹಿಲ್ ಕ್ರೌಂಚಗಳು ಚಳಿಗಾಲಕ್ಕೆ ಫ್ಲಾರಿಡಾಕ್ಕೆ ಬರುತ್ತವೆ. ಈ ಬಯಲಿನಲ್ಲಿ ಅವು ಗುಂಪುಗುಂಪಾಗಿ ಇಳಿಯುವುದನ್ನು ನೋಡಿದೆವು. ಬೂದುಬಣ್ಣದ ಮೈ, ಕೆಂಪು ನೆತ್ತಿ. ಈ ಹಕ್ಕಿಗಳಲ್ಲಿ ಮೊಟ್ಟೆಗೆ ಕಾವು ಕೊಡುವ ಕೆಲಸವನ್ನು ಗಂಡೂ ಹೆಣ್ಣೂ ಸರದಿಯಂತೆ ಮಾಡುತ್ತವೆಂದು ಬಲ್ಲವರು ಹೇಳುತ್ತಾರೆ. ಒಂದು ಹಾರಿಹೋದಾಗ ಗೂಡು ತಣ್ಣಗಾಗುವುದಿಲ್ಲ.

ಒಂದು ತಿಂಗಳಿಗೆ ತಲೆಸುತ್ತು ನಿಂತಿತು. ವೈದ್ಯರೂ ಅಪ್ಪಣೆ ಕೊಟ್ಟರು. ಆದರೂ ಗಾಡಿಯ ಬೀಗದ ಕೈ ಹಿಂದಿನಂತೆ ಒಬ್ಬರದೇ ಆಗಲಿಲ್ಲ. ಈಗ ಅದು ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ಓದುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಗೆ ಚಕ್ರಗಳಿಲ್ಲದಿರಬಹುದು. ಆದರೂ ಅದರಲ್ಲಿ ಒಬ್ಬರಿಗೆ ಮಾತ್ರ ತಿಳಿದಿರುವ ಕೆಲಸ ಯಾವುದೆಂದು ಇಂದು ಊಟವಾದ ಮೇಲೆ ಇಬ್ಬರೂ ಕುಳಿತು ಎಣಿಸಿ ನೋಡಿರಿ. ಆ ಪಟ್ಟಿ ಎಷ್ಟು ಉದ್ದವಾಗಿದೆಯೋ ಕಲಿಯಲು ಬೇಕಾದ ಭಾನುವಾರಗಳೂ ಅಷ್ಟು. ಅವು ಇನ್ನೂ ಕೈಯಲ್ಲಿರುವಾಗಲೇ ಮೊದಲುಮಾಡುವುದು ಲೇಸು.